ದೊಡ್ಡ ಕರುಳಿನ ಕ್ಯಾನ್ಸರ್: ಹರಡಿದ ಮೇಲೂ ಶಸ್ತ್ರಚಿಕಿತ್ಸೆ ಉಂಟೇ?

(ಬ್ರಹ್ಮಕಲಶೋತ್ಸವದ ಅಂಗವಾಗಿ ಜರಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬ್ರಹ್ಮಕಲಶದ ಚಪ್ಪರದಲ್ಲಿ ಕ್ಯಾನ್ಸರಿನ ಹೆಸರೆತ್ತುವುದು ಸರಿಯೇ ಎಂದು ಕೆಲವರಿಗೆ ತೋರಬಹುದು. ಹೊರೆಕಾಣಿಕೆ ಬಂದು ಉಗ್ರಾಣ ತುಂಬಿದೆ, ಚೆಂಡೆಯ ಸದ್ದು ಇನ್ನೂ ಕಿವಿಯಲ್ಲಿ ಉಂಟು. ಇಂಥ ಶುಭ ಮುಹೂರ್ತದಲ್ಲಿ ಈ ಮಾತು ಯಾಕೆ? ಆದರೆ ದೇವಸ್ಥಾನದ ಸೇವಾ ಕೌಂಟರಿನಲ್ಲಿ ರಶೀದಿ ಬರೆಯುವವರನ್ನು ಕೇಳಿ ನೋಡಿ. ಮೃತ್ಯುಂಜಯ ಹೋಮಕ್ಕೆ ಹೆಸರು ಕೊಡುವವರು, ಹರಕೆ ಹೇಳಿಕೊಳ್ಳುವವರು ಎಷ್ಟೋ ಮಂದಿ "ಮನೆಯಲ್ಲಿ ಒಬ್ಬರಿಗೆ ಸೌಖ್ಯವಿಲ್ಲ" ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ದೇವರ ನಡೆಯಲ್ಲಿ ನಿಂತೂ ರೋಗದ ಹೆಸರು ಬಾಯಿಗೆ ಬರುವುದಿಲ್ಲ. ಹೆಸರು ಹೇಳಲು ಹೆದರುವ ರೋಗಕ್ಕೆ ಮದ್ದು ಹುಡುಕುವುದೂ ತಡವಾಗುತ್ತದೆ.

ಕ್ಯಾನ್ಸರುಗಳು ಹಲವು. ಇಂದು ಹೇಳುವುದು ಒಂದೇ ಒಂದರ ವಿಷಯ, ದೊಡ್ಡ ಕರುಳಿನದ್ದು. ಅದರಲ್ಲಿಯೂ ರೋಗ ಮುಂದುವರಿದ ಮೇಲಿನ ಸಂಗತಿ. ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೆ: ಸ್ಕ್ಯಾನಿನ ವರದಿ ನೋಡಿದ ಡಾಕ್ಟರು "ಲಿವರಿಗೆ ಹರಡಿದೆ" ಎಂದು ಹೇಳುತ್ತಾರೆ. ಆ ಒಂದು ಮಾತು ಕೇಳಿದ ಕೂಡಲೇ ಮನೆಯವರ ಕೈಕಾಲು ಬೀಳುತ್ತದೆ. "ಇನ್ನೇನು, ಮನೆಗೆ ಕರೆದುಕೊಂಡು ಹೋಗುವ" ಎಂದು ಮಂಗಳೂರಿನಿಂದ ಹೊರಟ ಕಾರು ತಲಪಾಡಿ ದಾಟಿ ಬರುತ್ತದೆ. ಇಲ್ಲವೇ ಅದಕ್ಕೆ ವಿರುದ್ಧವಾಗಿ, "ಎಷ್ಟು ಖರ್ಚಾದರೂ ಸರಿ, ಆಪರೇಷನ್ ಮಾಡಿ ತೆಗೆದೇ ಬಿಡಿ" ಎಂದು ಹಟ ಹಿಡಿಯುತ್ತಾರೆ. ಈ ಎರಡೂ ಸರಿಯಾದ ದಾರಿಯಲ್ಲ. ಆ ಹೊತ್ತಿನಲ್ಲಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಉಂಟು. "ಹರಡಿದ್ದನ್ನೂ ಸೇರಿಸಿ ಎಲ್ಲವನ್ನೂ ಪೂರ್ತಿ ತೆಗೆಯಲು ಸಾಧ್ಯವಿದೆಯೇ? ಈಗ ಇಲ್ಲದಿದ್ದರೆ ಮದ್ದು ಕೊಟ್ಟ ಮೇಲೆ ಸಾಧ್ಯವಾದೀತೇ?" ಈ ಪ್ರಶ್ನೆಯ ಉತ್ತರದ ಮೇಲೆ ರೋಗಿಯ ಮುಂದಿನ ವರ್ಷಗಳು ನಿಂತಿರುತ್ತವೆ.

ನಮ್ಮ ಕಡೆಯ ಹುಡುಗರಿಗೆ ಗೊತ್ತಿರುವ ಒಬ್ಬರಿಂದ ಪ್ರಾರಂಭಿಸಬಹುದು. ಕೇರಳದಲ್ಲಿ ವಿಶ್ವಕಪ್ ಫುಟ್ಬಾಲ್ ಬಂತೆಂದರೆ ಓಣಿ ಓಣಿಯಲ್ಲಿ ಫ್ಲೆಕ್ಸ್ ಏಳುತ್ತದೆ, ಅದು ದೇವಸ್ಥಾನದ ದ್ವಾರದ ಫ್ಲೆಕ್ಸಿಗಿಂತಲೂ ದೊಡ್ಡದು! ಆ ಆಟದ ಮಹಾಪುರುಷ ಬ್ರೆಜಿಲ್ ದೇಶದ ಪೆಲೆ. 1958, 1962, 1970, ಹೀಗೆ ಮೂರು ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದವರು. 1977ರಲ್ಲಿ ಕಲ್ಕತ್ತಕ್ಕೆ ಬಂದು ಮೋಹನ್ ಬಗಾನ್ ತಂಡದ ಎದುರು ಆಡಿ ಹೋದವರು. 2021ರಲ್ಲಿ ಅವರು ತಮ್ಮ ವಾಡಿಕೆಯ ತಪಾಸಣೆಗೆ ಹೋದರು. ಕೊರೋನಾ ಕಾಲದ ತೊಂದರೆಯಿಂದ ಆ ತಪಾಸಣೆ ಅದಾಗಲೇ ಮುಂದಕ್ಕೆ ಹೋಗಿತ್ತು. ಬಲಬದಿಯ ದೊಡ್ಡ ಕರುಳಿನಲ್ಲಿ ಗಡ್ಡೆ ಕಂಡಿತು. 4-9-2021ರಂದು ಸಾವೊ ಪಾಲೊ ನಗರದ ಆಸ್ಪತ್ರೆಯಲ್ಲಿ ಅದನ್ನು ತೆಗೆದರು, ಬಳಿಕ ಕಿಮೋಥೆರಪಿ ನಡೆಯಿತು. ಆದರೂ ರೋಗ ಮುಂದುವರಿಯಿತು. 29-12-2022ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಪೆಲೆ ತೀರಿಕೊಂಡರು.

ಇದಕ್ಕೆ ಎದುರಾಗಿ ಇನ್ನೊಬ್ಬರ ಕಥೆ ನೋಡಿ. ರೊನಾಲ್ಡ್ ರೇಗನ್ ಅಮೆರಿಕದ ಅಧ್ಯಕ್ಷರಾಗಿದ್ದಾಗ ಕರುಳಿನಲ್ಲಿ ಒಂದು ಚಿಕ್ಕ ಪಾಲಿಪ್, ಅಂದರೆ ನರುಳಿಯಂಥ ಬೆಳವಣಿಗೆ, ಕಂಡಿತ್ತು. ಅದನ್ನು ತೆಗೆಯಲು 1985ರ ಜುಲೈ 12ರಂದು ಕೊಳವೆ ಹಾಕಿ ಇಡೀ ದೊಡ್ಡ ಕರುಳನ್ನು ನೋಡಿದಾಗ, ಅದರ ಆರಂಭದ ತುದಿಯಲ್ಲಿ, ಬಲಬದಿಯಲ್ಲಿ, ಯಾರೂ ನಿರೀಕ್ಷಿಸದ ದೊಡ್ಡ ಗಡ್ಡೆ ಸಿಕ್ಕಿತು. ಮರುದಿನವೇ ಶಸ್ತ್ರಚಿಕಿತ್ಸೆ. ಸುಮಾರು ಎರಡು ಅಡಿ ಉದ್ದದ ಕರುಳನ್ನು ತೆಗೆದರು. ಅಧ್ಯಕ್ಷರು ಪ್ರಜ್ಞೆಯಿಲ್ಲದೆ ಇದ್ದ ಏಳೆಂಟು ಗಂಟೆ ಹೊತ್ತು ಉಪಾಧ್ಯಕ್ಷ ಜಾರ್ಜ್ ಬುಷ್ ಅಧಿಕಾರ ನೋಡಿಕೊಂಡರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಹೌದೆಂದಾಯಿತು. ಆದರೆ ಅದು ಕರುಳಿನ ಗೋಡೆಯೊಳಗೇ ಇತ್ತು, ಹೊರಗೆ ಹರಡಿರಲಿಲ್ಲ. ರೇಗನ್ 74ರ ಮುದುಕರು ಆಗ. ಆ ಬಳಿಕ ಅವರು ಅಧಿಕಾರದ ಅವಧಿಯನ್ನು ಪೂರೈಸಿ, 93 ವರ್ಷ ಬಾಳಿ, 2004ರಲ್ಲಿ ತೀರಿಕೊಂಡರು. ತೀರಿಕೊಂಡದ್ದು ಈ ರೋಗದಿಂದಲ್ಲ. ಅದೇ 1985ರಲ್ಲಿ ಅವರ ಅಣ್ಣನಿಗೂ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಅಣ್ಣತಮ್ಮಂದಿರಿಗೆ ಒಂದೇ ರೋಗ ಬಂದದ್ದನ್ನು ನೆನಪಿನಲ್ಲಿಡಿ, ಕೊನೆಗೆ ಆ ವಿಷಯಕ್ಕೆ ಬರಬೇಕಾಗುತ್ತದೆ.

ರೇಗನ್ನರದ್ದು ಬೇಗ ಸಿಕ್ಕಿದ ರೋಗ. ಪೆಲೆಯವರದ್ದು ಕೈಮೀರಿದ ರೋಗ. ಈ ಎರಡರ ನಡುವೆ ಒಂದು ದೊಡ್ಡ ಜಾಗ ಉಂಟು. ನಮ್ಮ ಮನೆಗಳ ರೋಗಿಗಳು ಹಲವರು ಇರುವುದು ಆ ಜಾಗದಲ್ಲಿಯೇ.

ಈ ರೋಗ ಬೆಳೆಯುವುದು ಬಹಳ ನಿಧಾನ. ಪಾಲಿಪ್ ಒಂದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಎಲ್ಲ ಪಾಲಿಪುಗಳೂ ಹಾಗೆ ಆಗುವುದಿಲ್ಲ. ದೇವರು ಇಷ್ಟು ದೀರ್ಘ ವಾಯಿದೆ ಕೊಟ್ಟಿದ್ದರೂ ಜನ ಅದನ್ನು ಕಳೆದುಕೊಳ್ಳುವುದು ಒಂದು ಮಾತಿನಿಂದ: "ಅದು ಮೂಲವ್ಯಾಧಿ ಮಾರಾಯ್ರೆ, ಉಷ್ಣ ಹೆಚ್ಚಾದದ್ದು." ಮಲದಲ್ಲಿ ರಕ್ತ ಕಂಡಾಗ ನೂರಕ್ಕೆ ಹೆಚ್ಚಿನವರದ್ದು ಮೂಲವ್ಯಾಧಿಯೇ ಇರಬಹುದು. ಆದರೆ ಯಾರದ್ದು ಅಲ್ಲ ಎಂದು ಹೇಳುವುದು ನೋಡದೆ ಹೇಗೆ? ಹಲವು ವಾರ ಬಿಡದ ಮಲಬದ್ಧತೆ ಅಥವಾ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆ ಹಿಡಿದ ಹಾಗೆ ನೋವು, ಗಂಡಸರಲ್ಲಿ ಕಾರಣವಿಲ್ಲದ ರಕ್ತಹೀನತೆ, ಇವುಗಳಿಗೆಲ್ಲ ಕಷಾಯ ಕುಡಿದು ಆರು ತಿಂಗಳು ತಳ್ಳುವುದು ಬೇಡ. ಬಲಬದಿಯ ಗಡ್ಡೆಯಾದರೆ ರಕ್ತ ಹೆಚ್ಚಾಗಿ ಕಣ್ಣಿಗೆ ಕಾಣುವುದಿಲ್ಲ. ಆಯಾಸ ಮಾತ್ರ ಇರುತ್ತದೆ, "ವಯಸ್ಸಾಯಿತು" ಎಂದು ಎಲ್ಲರೂ ಸುಮ್ಮನಿರುತ್ತಾರೆ.

ಡಾಕ್ಟರುಗಳು ರೋಗವನ್ನು ನಾಲ್ಕು ಹಂತವೆಂದು ಲೆಕ್ಕ ಹಾಕುತ್ತಾರೆ. ಒಂದನೆಯ ಮತ್ತು ಎರಡನೆಯ ಹಂತದಲ್ಲಿ ಗಡ್ಡೆ ಕರುಳಿನ ಗೋಡೆಯಲ್ಲಿ, ಅದರ ಒತ್ತಿನಲ್ಲಿ ಇರುತ್ತದೆ. ಮೂರನೆಯದರಲ್ಲಿ ಹತ್ತಿರದ ದುಗ್ಧ ಗ್ರಂಥಿಗಳಿಗೆ ಹೋಗಿರುತ್ತದೆ. ನಾಲ್ಕನೆಯದರಲ್ಲಿ ಯಕೃತ್ತು, ಶ್ವಾಸಕೋಶ ಮುಂತಾದ ದೂರದ ಅಂಗಗಳಿಗೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ ಎಂಬ ವೈದ್ಯರು 1932ರಲ್ಲಿಯೇ ಇಂಥ ವಿಂಗಡಣೆ ಮಾಡಿದ್ದರು. ಅಮೆರಿಕದ ಈಚಿನ ಲೆಕ್ಕದ ಪ್ರಕಾರ, ಕರುಳಿನಲ್ಲಿಯೇ ಇರುವಾಗ ಸಿಕ್ಕಿದರೆ ನೂರರಲ್ಲಿ ಸುಮಾರು 91 ಮಂದಿ ಐದು ವರ್ಷ ದಾಟುತ್ತಾರೆ. ಹತ್ತಿರಕ್ಕೆ ಹರಡಿದ್ದರೆ 74. ದೂರದ ಅಂಗಗಳಿಗೆ ಹರಡಿದ್ದರೆ 13. ಈ 13 ಎಂಬ ಸಂಖ್ಯೆ ನೋಡಿಯೇ ಜನ ಎದೆಗುಂದುವುದು. ಆದರೆ ಅಂಗಡಿಯಲ್ಲಿ ಎಲ್ಲ ಗಿರಾಕಿಗಳ ಸಾಲವನ್ನು ಒಂದೇ ಮೊತ್ತದಲ್ಲಿ ಬರೆದರೆ ಯಾರು ಕೊಡುವವರು, ಯಾರು ಕೊಡದವರು ಎಂದು ತಿಳಿಯುವುದಿಲ್ಲ. ಆ 13ರ ಒಳಗೆ ಎಲ್ಲ ಕಡೆಗೆ ಹರಡಿದವರೂ ಇದ್ದಾರೆ, ಯಕೃತ್ತಿನಲ್ಲಿ ಒಂದೇ ಒಂದು ಚುಕ್ಕೆ ಇದ್ದವರೂ ಇದ್ದಾರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಲೆಕ್ಕ ಅದು.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ಹೊಟ್ಟೆ ಕೊಯ್ದು ಕರುಳನ್ನು ಹೊರಗೆ ತೆಗೆಯುವುದು ಇಂಗ್ಲಿಷರು ಕಲಿಸಿದ ವಿದ್ಯೆ ಎಂದು ತಿಳಿದುಕೊಂಡವರಿದ್ದಾರೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಕರುಳಿಗೆ ಅಡ್ಡಿಯಾದಾಗ ಹೊಕ್ಕುಳ ಕೆಳಗೆ ಎಡಬದಿಯಲ್ಲಿ ಕೊಯ್ದು, ಕರುಳನ್ನು ನಾಲ್ಕು ಬೆರಳಿನಷ್ಟು ಹೊರಗೆ ತೆಗೆದು ನೋಡಿ, ಅಡ್ಡಿಯನ್ನು ತೆಗೆದು, ಜೇನು ತುಪ್ಪ ಸವರಿ ಒಳಗಿಟ್ಟು ಹೊಲಿಯುವ ಕ್ರಮ ಹೇಳಿದೆ. ಕರುಳು ತೂತಾಗಿದ್ದರೆ ದೊಡ್ಡ ಕಪ್ಪಿರುವೆಗಳಿಂದ ಅಂಚುಗಳನ್ನು ಕಚ್ಚಿಸಿ, ತಲೆ ಮಾತ್ರ ಅಲ್ಲೇ ಉಳಿಯುವಂತೆ ಮೈಯನ್ನು ತೆಗೆಯಬೇಕೆಂದೂ ಉಂಟು. ಇದು ಹೆಮ್ಮೆಪಡುವ ವಿಷಯವೇ. ಆದರೆ ಅದನ್ನೇ ಕ್ಯಾನ್ಸರ್ ಆಪರೇಷನ್ ಎಂದು ಸಭೆಗಳಲ್ಲಿ ಹೇಳುವುದು ಸರಿಯಲ್ಲ. ಕ್ಯಾನ್ಸರಿನ ಗಡ್ಡೆಯಿದ್ದ ಕರುಳಿನ ತುಂಡನ್ನು ಕತ್ತರಿಸಿ ಎರಡು ತುದಿಗಳನ್ನು ಜೋಡಿಸಿ ಹೊಲಿದದ್ದು 1833ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ರೇಬಾರ್ಡ್ ಎಂಬ ಶಸ್ತ್ರವೈದ್ಯರು. ಆಗ ಅರಿವಳಿಕೆಯ ಮದ್ದೂ ಇರಲಿಲ್ಲ ಎಂಬುದನ್ನು ಯೋಚಿಸಿದರೆ ಮೈ ಜುಂ ಎನ್ನುತ್ತದೆ.

ದೊಡ್ಡ ಕರುಳಿನ ಉದ್ದ ಸುಮಾರು ಐದು ಅಡಿ. ಇಂದಿನ ಕ್ರಮದಲ್ಲಿ ಗಡ್ಡೆಯ ಎರಡೂ ಬದಿಯ ಒಳ್ಳೆಯ ಕರುಳನ್ನೂ, ಅದಕ್ಕೆ ಸೇರಿದ ರಕ್ತನಾಳ ಮತ್ತು ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುತ್ತಾರೆ. ಕಡಿಮೆಯೆಂದರೆ 12 ಗ್ರಂಥಿಗಳನ್ನಾದರೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕೆಂಬುದು ನಿಯಮ. ವರದಿಯಲ್ಲಿ ಈ ಸಂಖ್ಯೆ ಬರೆದಿರುತ್ತದೆ, ಓದಿಸಿಕೊಳ್ಳಿ. ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡರೆ, ಅಂದರೆ ಮೂರನೆಯ ಹಂತವಾದರೆ, ಬಳಿಕ ಮೂರರಿಂದ ಆರು ತಿಂಗಳು ಕಿಮೋಥೆರಪಿ ಕೊಡುತ್ತಾರೆ. "ಗಡ್ಡೆ ತೆಗೆದಾಯಿತಲ್ಲ, ಇನ್ನು ಆ ಕೂದಲು ಉದುರಿಸುವ ಮದ್ದು ಯಾಕೆ" ಎಂದು ಅದನ್ನು ಬಿಡುವವರು ದೊಡ್ಡ ತಪ್ಪು ಮಾಡುತ್ತಾರೆ. ಕರುಳಿನ ಕ್ಯಾನ್ಸರಿಗೆ ಕೊಡುವ ಹೆಚ್ಚಿನ ಮದ್ದುಗಳಲ್ಲಿ ಕೂದಲು ಅಷ್ಟೇನೂ ಉದುರುವುದಿಲ್ಲ ಎಂಬುದು ಬೇರೆ ಮಾತು.

ಕೆಲವರಿಗೆ, ಮುಖ್ಯವಾಗಿ ಕರುಳು ಮುಚ್ಚಿಹೋಗಿ ತುರ್ತಾಗಿ ಆಪರೇಷನ್ ಆದವರಿಗೆ ಅಥವಾ ಗುದದ್ವಾರದ ಹತ್ತಿರ ಗಡ್ಡೆಯಿದ್ದವರಿಗೆ, ಹೊಟ್ಟೆಯ ಮೇಲೆ ಕರುಳಿನ ಬಾಯಿ ಇಟ್ಟು ಅದಕ್ಕೆ ಚೀಲ ಅಂಟಿಸುತ್ತಾರೆ. ಹಲವರಿಗೆ ಅದು ಕೆಲವು ತಿಂಗಳ ಮಟ್ಟಿಗೆ, ಕೆಲವರಿಗೆ ಶಾಶ್ವತ. ಈ ಒಂದು ಮಾತನ್ನು ದೇವಸ್ಥಾನದ ಅಂಗಳದಲ್ಲಿ ನಿಂತು ಹೇಳಲೇಬೇಕಾಗಿದೆ. ಚೀಲ ಇರುವವರು ದೇವರ ನಡೆಗೆ ಬರಲು ಹಿಂಜರಿಯುತ್ತಾರೆ. ಮಡಿ ಕೆಡುತ್ತದೆ ಎಂದು ಅವರಿಗೂ ಅಂಜಿಕೆ, ಮನೆಯವರಿಗೂ ಅಂಜಿಕೆ. ಇದೇ ಹೆದರಿಕೆಯಿಂದ ಜೀವ ಉಳಿಸುವ ಆಪರೇಷನ್ನನ್ನೇ ಬೇಡವೆನ್ನುವವರೂ ಉಂಟು. ಎಲ್ಲರ ಹೊಟ್ಟೆಯೊಳಗೆ ಇರುವುದೇ ಅವರ ಚೀಲದೊಳಗೂ ಇರುವುದು. ಅದೂ ವಾಸನೆ ಬಾರದಂತೆ ಭದ್ರವಾಗಿ ಮುಚ್ಚಿಕೊಂಡು. ಸ್ನಾನ ಮಾಡಿ, ಶುದ್ಧ ವಸ್ತ್ರ ಉಟ್ಟು, ಭಕ್ತಿಯಿಂದ ಬಂದವರಿಗೆ ದೇವರು ಬಾಗಿಲು ಹಾಕುವುದಿಲ್ಲ. ಹಾಕುವುದಾದರೆ ಅದು ಮನುಷ್ಯರು. ಅನ್ನಸಂತರ್ಪಣೆಯ ಪಂಕ್ತಿಯಲ್ಲಿ ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಬೇಕು.

ಈಗ ಮುಖ್ಯ ವಿಷಯಕ್ಕೆ ಬರುವ. ಕರುಳಿನ ಕ್ಯಾನ್ಸರ್ ಯಾಕೆ ಹೆಚ್ಚಾಗಿ ಯಕೃತ್ತಿಗೇ ಹೋಗುತ್ತದೆ? ನಮ್ಮ ಗುಡ್ಡಗಳ ಸುರಂಗಗಳನ್ನು ಎಲ್ಲರೂ ನೋಡಿದ್ದೀರಿ. ಒಳಗೆ ಎಷ್ಟು ಕವಲಿದ್ದರೂ ನೀರು ಕೊನೆಗೆ ಹೊರಗಿನ ಒಂದೇ ಕೆರೆಗೆ ಬಂದು ಬೀಳುತ್ತದೆ. ಕೆರೆಯಿಂದ ಮೇಲೆ ತೋಟಕ್ಕೆ. ಹಾಗೆಯೇ ಕರುಳಿನ ರಕ್ತವೆಲ್ಲ ಒಂದು ದೊಡ್ಡ ನಾಳದಲ್ಲಿ ಮೊದಲು ಯಕೃತ್ತಿಗೆ ಹೋಗಿ, ಅಲ್ಲಿಂದ ಮುಂದೆ ಹೃದಯಕ್ಕೆ, ಮೈಗೆ. ಸುರಂಗದ ಮಣ್ಣು ಕೆರೆಯಲ್ಲಿ ತಂಗುವ ಹಾಗೆ ಕ್ಯಾನ್ಸರಿನ ಕಣಗಳು ಯಕೃತ್ತಿನಲ್ಲಿ ತಂಗುತ್ತವೆ. ಕೆಲವರಲ್ಲಿ ಅವು ಅಲ್ಲಿಂದ ಮುಂದೆ ಹೋಗಿಯೇ ಇರುವುದಿಲ್ಲ. ಅಂಥವರಲ್ಲಿ ಕೆರೆಯ ಹೂಳು ತೆಗೆದರೆ ತೋಟ ಉಳಿಯುವ ಅವಕಾಶ ಉಂಟು.

ಇನ್ನೊಂದು ದೈವದತ್ತವಾದ ಅನುಕೂಲ. ಮನುಷ್ಯನ ಒಳ ಅಂಗಗಳಲ್ಲಿ ಕತ್ತರಿಸಿದರೆ ಪುನಃ ಬೆಳೆಯುವಂಥದ್ದು ಯಕೃತ್ತು. ಉಳಿದ ಭಾಗ ಆರೋಗ್ಯವಾಗಿದ್ದರೆ ನೂರರಲ್ಲಿ ಎಪ್ಪತ್ತು ಪಾಲಿನವರೆಗೂ ತೆಗೆಯಬಹುದು. ಕೆಲವು ತಿಂಗಳಲ್ಲಿ ಅದು ಮೊದಲಿನ ಗಾತ್ರದ ಹತ್ತಿರಕ್ಕೆ ಬರುತ್ತದೆ. ಹಾಗಿದ್ದರೂ ಹಿಂದಿನ ಕಾಲದಲ್ಲಿ ಹೆಚ್ಚಿನ ವೈದ್ಯರು ಯಕೃತ್ತಿಗೆ ಹರಡಿದ ಕ್ಯಾನ್ಸರನ್ನು ಮುಟ್ಟುತ್ತಿರಲಿಲ್ಲ. ಮೇಜಿನ ಮೇಲೆಯೇ ರಕ್ತ ಸೋರಿ ರೋಗಿ ಹೋಗಿಬಿಡುವ ಭಯ. ಯಕೃತ್ತಿನ ಒಳಗಿನ ರಕ್ತನಾಳಗಳ ದಾರಿ ಹಿಡಿದು ಅದನ್ನು ಎಂಟು ಭಾಗವೆಂದು ಫ್ರಾನ್ಸಿನ ಕ್ವಿನೋ ಎಂಬವರು 1950ರ ದಶಕದಲ್ಲಿ ವಿಂಗಡಿಸಿ ತೋರಿಸಿದ ಮೇಲೆ, ಗದ್ದೆಯ ಅಂಚು ನೋಡಿ ಕೊಯ್ಯುವಂತೆ ಕೊಯ್ಯಲು ದಾರಿಯಾಯಿತು.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 1985ರಿಂದ 1998ರ ತನಕ ಇಂಥ 1,001 ರೋಗಿಗಳ ಯಕೃತ್ತಿನ ಗಡ್ಡೆಗಳನ್ನು ತೆಗೆದು, ಏನಾಯಿತೆಂದು 1999ರಲ್ಲಿ ಪ್ರಕಟಿಸಿದರು. ಐದು ವರ್ಷ ಬದುಕಿದವರು ನೂರಕ್ಕೆ 37, ಹತ್ತು ವರ್ಷ ಬದುಕಿದವರು ನೂರಕ್ಕೆ 22. ಆಪರೇಷನ್ನಿನ ಕಾರಣದಿಂದ ತೀರಿಕೊಂಡವರು ನೂರಕ್ಕೆ ಮೂರಕ್ಕಿಂತ ಕಡಿಮೆ. ಅದೇ ಆಸ್ಪತ್ರೆಯವರು 2007ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಹತ್ತು ವರ್ಷಗಳ ಪೂರ್ತಿ ಮಾಹಿತಿ ಇರುವ 612 ರೋಗಿಗಳಲ್ಲಿ 102 ಮಂದಿ ಹತ್ತು ವರ್ಷ ದಾಟಿದ್ದರು. ಹಾಗೆ ದಾಟಿದ ಮೇಲೆ ಇದೇ ರೋಗದಿಂದ ತೀರಿಕೊಂಡವರು ಒಬ್ಬರು ಮಾತ್ರ. ಅಂದರೆ ಆರರಲ್ಲಿ ಒಬ್ಬರಿಗೆ ರೋಗ ಗುಣವಾಗಿದೆ ಎಂದೇ ಹೇಳಬಹುದು. ನಾಲ್ಕನೆಯ ಹಂತದ ರೋಗಿಗಳ ಸಂಗತಿ ಇದು ಎಂಬುದನ್ನು ಮರೆಯಬಾರದು. ಉಳಿದ ಐವರ ಸಂಗತಿಯನ್ನೂ ಮರೆಮಾಚಬಾರದು. ಅವರಲ್ಲಿ ಹೆಚ್ಚಿನವರಿಗೆ ರೋಗ ಮರಳಿ ಬಂದಿತ್ತು. ಮರಳಿ ಬಂದಾಗ ಎರಡನೆಯ ಸಲ ಆಪರೇಷನ್ ಮಾಡುವುದೂ ಉಂಟು.

ಮೊದಲ ಸ್ಕ್ಯಾನಿನಲ್ಲಿ "ತೆಗೆಯಲು ಆಗುವುದಿಲ್ಲ" ಎಂದವರ ಗತಿಯೇನು? ಪ್ಯಾರಿಸಿನ ಹತ್ತಿರದ ಪಾಲ್ ಬ್ರೂಸ್ ಆಸ್ಪತ್ರೆಯ ಹೆನ್ರಿ ಬಿಸ್ಮುತ್ ಮತ್ತು ರೆನೆ ಆದಾಂ ಅವರ ತಂಡ 1996ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ತೆಗೆಯಲಾಗದು ಎಂದು ಬಿಟ್ಟಿದ್ದ 330 ಮಂದಿಗೆ ಮೊದಲು ಕಿಮೋಥೆರಪಿ ಕೊಟ್ಟರು. ಅವರಲ್ಲಿ 53 ಮಂದಿಯ ಗಡ್ಡೆಗಳು ಕುಗ್ಗಿ ಆಪರೇಷನ್ನಿಗೆ ಬಂದವು. ಆ 53ರಲ್ಲಿ ಐದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 40. ಮೊದಲೇ ತೆಗೆಯಲು ಆಗುತ್ತಿದ್ದವರಷ್ಟೇ! ಅಂದಿನಿಂದ "ಆಗುವುದಿಲ್ಲ" ಎಂಬುದು ಕೊನೆಯ ಮಾತಲ್ಲ, ಎರಡು ಮೂರು ತಿಂಗಳು ಮದ್ದು ಕೊಟ್ಟು ಪುನಃ ಸ್ಕ್ಯಾನ್ ಮಾಡಿ ಪುನಃ ಕೇಳಬೇಕಾದ ಮಾತು ಎಂದಾಯಿತು. ಉಳಿಯುವ ಯಕೃತ್ತು ತೀರಾ ಚಿಕ್ಕದಾದರೆ, ತೆಗೆಯುವ ಬದಿಯ ರಕ್ತನಾಳವನ್ನು ಮೊದಲೇ ಮುಚ್ಚಿ, ಇನ್ನೊಂದು ಬದಿ ದೊಡ್ಡದಾಗುವ ತನಕ ಕೆಲವು ವಾರ ಕಾದು ಕೊಯ್ಯುವ ಉಪಾಯವೂ ಉಂಟು. ಸಣ್ಣ ಗಡ್ಡೆಗಳನ್ನು ಸೂಜಿ ಚುಚ್ಚಿ ಶಾಖದಿಂದ ಸುಡುವುದೂ ಉಂಟು.

ಆ ರೆನೆ ಆದಾಂ ಅವರೇ ಮುಂದಾಳಾಗಿ ಯುರೋಪಿನ ಇಪ್ಪತ್ತು ಆಸ್ಪತ್ರೆಗಳಲ್ಲಿ ನಡೆಸಿದ ಪರೀಕ್ಷೆಯ ಫಲ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಯಕೃತ್ತಿನಲ್ಲಿ ಮಾತ್ರ ರೋಗ ಇದ್ದು, ಯಾವ ರೀತಿಯಲ್ಲೂ ಕೊಯ್ದು ತೆಗೆಯಲಾಗದ 94 ಮಂದಿಯಲ್ಲಿ ಅರ್ಧ ಮಂದಿಗೆ ಕಿಮೋಥೆರಪಿಯ ಜೊತೆಗೆ ಯಕೃತ್ತನ್ನೇ ಬದಲಾಯಿಸುವ ಕ್ರಮ, ಇನ್ನರ್ಧ ಮಂದಿಗೆ ಕಿಮೋಥೆರಪಿ ಮಾತ್ರ. ಐದು ವರ್ಷ ಬದುಕುವ ಪ್ರಮಾಣ ಬದಲಾಯಿಸುವ ಕಡೆಯಲ್ಲಿ ನೂರಕ್ಕೆ 56.6, ಮದ್ದು ಮಾತ್ರದ ಕಡೆಯಲ್ಲಿ 12.6. ಈ ಸುದ್ದಿ ಕೇಳಿ ನಾಳೆಯೇ ಲಿವರ್ ದಾನಕ್ಕೆ ಓಡುವುದು ಬೇಡ. ಅವರು ಆರಿಸಿದ್ದು 65 ವರ್ಷದೊಳಗಿನವರನ್ನು. ಕರುಳಿನ ಮೂಲ ಗಡ್ಡೆ ತೆಗೆದಾಗಿ, ಮದ್ದಿಗೆ ರೋಗ ಹತೋಟಿಗೆ ಬಂದು, ಬೇರೆಲ್ಲಿಯೂ ಹರಡದವರನ್ನು, ಬಹಳ ಜರಡಿ ಹಿಡಿದು. ಸಾವಿರಕ್ಕೆ ಕೆಲವರಿಗೆ ಒದಗುವ ಚಿಕಿತ್ಸೆ ಇದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ತೋರಿಸದಿದ್ದರೆ ಅನ್ಯಾಯವಾದೀತು. ಪೂರ್ತಿ ತೆಗೆಯಲು ಆಗದ ರೋಗದಲ್ಲಿ "ಕರುಳಿನ ಗಡ್ಡೆಯನ್ನಾದರೂ ತೆಗೆದುಬಿಡಿ, ಅಷ್ಟು ಭಾರ ಕಡಿಮೆಯಾಗಲಿ" ಎಂದು ಮನೆಯವರು ಕೇಳುವುದು ಸಹಜ. ಜಪಾನಿನ ವೈದ್ಯರು ಇದನ್ನೇ 165 ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಎಲ್ಲರೂ ಕರುಳಿನ ಗಡ್ಡೆಯಿಂದ ಇನ್ನೂ ತೊಂದರೆ ಕಾಣದವರು. ಮೊದಲು ಗಡ್ಡೆ ತೆಗೆದು ಬಳಿಕ ಮದ್ದು ಪಡೆದವರು ಸರಾಸರಿ 25.9 ತಿಂಗಳು, ಗಡ್ಡೆ ಮುಟ್ಟದೆ ಮದ್ದು ಮಾತ್ರ ಪಡೆದವರು 26.7 ತಿಂಗಳು ಬದುಕಿದರು. ಹೆಚ್ಚು ಕಡಿಮೆ ಸಮಾನ. ಆದರೆ ಕೊಯ್ಸಿಕೊಂಡವರಲ್ಲಿ ಮೂವರು ಆಪರೇಷನ್ನಿನ ತೊಂದರೆಯಿಂದಲೇ ಹೋದರು. ಕರುಳು ಮುಚ್ಚಿದ್ದರೆ, ಒಡೆದಿದ್ದರೆ, ರಕ್ತ ನಿಲ್ಲದಿದ್ದರೆ ಮಾತು ಬೇರೆ. ಆಗ ಕೊಯ್ಯಲೇಬೇಕು. ಹೊಟ್ಟೆಯೊಳಗಿನ ಪೊರೆಗೆ ಹರಡಿದವರಿಗೆ, ಗಡ್ಡೆಗಳನ್ನು ತೆಗೆದು ಹೊಟ್ಟೆಯೊಳಗೆ ಬಿಸಿ ಕಿಮೋ ಮದ್ದು ಹೊಯ್ಯುವ ಕ್ರಮವೂ ಉಂಟು, ಖರ್ಚು ಲಕ್ಷಗಟ್ಟಲೆ. ಫ್ರಾನ್ಸಿನಲ್ಲಿ 265 ಮಂದಿಯಲ್ಲಿ ನೋಡಿದಾಗ, ಬಿಸಿ ಮದ್ದು ಸೇರಿಸಿದವರು 41.7 ತಿಂಗಳು, ಗಡ್ಡೆ ಮಾತ್ರ ತೆಗೆಸಿಕೊಂಡವರು 41.2 ತಿಂಗಳು. ಗುಣ ಕೊಟ್ಟದ್ದು ಚೆನ್ನಾಗಿ ತೆಗೆದ ಕೈ, ಬಿಸಿ ಮದ್ದಲ್ಲ. ತೋಟ ಮಾರಿ ಕೊಡುವ ಮೊದಲು ಈ ಲೆಕ್ಕವನ್ನು ಡಾಕ್ಟರರ ಎದುರು ಇಟ್ಟು ಕೇಳುವುದರಲ್ಲಿ ತಪ್ಪಿಲ್ಲ.

ಈ ಪ್ರಶ್ನೆಗಳನ್ನು ಕೇಳುವುದು ಯಾರು? ಇಲ್ಲಿಯೇ ತೊಡಕು. ನಮ್ಮಲ್ಲಿ ರೋಗಿಗೆ ಏನೂ ಹೇಳುವುದಿಲ್ಲ. ಮಗ, ಅಳಿಯ, ಭಾವ ಎಲ್ಲರಿಗೂ ಗೊತ್ತು, ಮಂಚದಲ್ಲಿ ಮಲಗಿದವರಿಗೆ ಮಾತ್ರ "ಅಲ್ಸರ್" ಎಂದು ಹೇಳಿರುತ್ತಾರೆ. ಅಲ್ಸರಿಗೆ ಯಾಕೆ ಹದಿನೈದು ದಿನಕ್ಕೊಮ್ಮೆ ಡ್ರಿಪ್ ಎಂದು ಅವರೂ ಕೇಳುವುದಿಲ್ಲ. ಇಡೀ ಜನ್ಮ ತೋಟದ ಲೆಕ್ಕ, ಮನೆಯ ಲೆಕ್ಕ ನೋಡಿಕೊಂಡ ಯಜಮಾನನಿಗೆ ತನ್ನ ದೇಹದ ಲೆಕ್ಕ ಕೊಡದಿರುವುದು ಯಾವ ನ್ಯಾಯ? ಬಾಕಿ ತೀರಿಸಬೇಕಾದ್ದು, ಮಗಳ ಮನೆಗೆ ಹೋಗಿ ಬರಬೇಕಾದ್ದು, ಆಸ್ತಿ ಪಾಲು ಬರೆದಿಡಬೇಕಾದ್ದು ಅವರಿಗೂ ಇರುತ್ತದೆ. ಮೆಲ್ಲನೆ, ಧೈರ್ಯ ಕೊಟ್ಟು ಹೇಳಬೇಕು. ಆದರೆ ಹೇಳಬೇಕು.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಗಡಿನಾಡಿನವರಿಗೆ ಯಾವಾಗಲೂ ಎರಡು ದಾರಿ. ತೆಂಕಣಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಇನ್ನೂ ಮುಂದೆ 1981ರಲ್ಲಿ ಆರಂಭವಾದ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್. ಬಡಗಣಕ್ಕೆ ಮಂಗಳೂರಿನ ಆಸ್ಪತ್ರೆಗಳು, 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಇನ್ನೂ ದೊಡ್ಡದೆಂದರೆ 1941ರಲ್ಲಿ ಸ್ಥಾಪನೆಯಾದ ಮುಂಬಯಿಯ ಟಾಟಾ ಮೆಮೋರಿಯಲ್. ಮಾತಿನ ಅನುಕೂಲಕ್ಕೆ, ಹತ್ತಿರಕ್ಕೆ ಜನ ಮಂಗಳೂರನ್ನೇ ನಂಬಿದ್ದಾರೆ. 2020ರ ಮಾರ್ಚ್ ತಿಂಗಳಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದೆ ಬಂದದ್ದು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋದದ್ದು ಯಾರಿಗೂ ಮರೆತಿಲ್ಲ. ಆದ್ದರಿಂದ ಕಾಗದಪತ್ರ ಎರಡೂ ಕಡೆಗೆ ಆಗುವಂತೆ ಇಟ್ಟುಕೊಳ್ಳುವುದು ಜಾಣತನ. ಬಯಾಪ್ಸಿಯ ವರದಿ ಮಾತ್ರವಲ್ಲ, ಅದರ ಗಾಜಿನ ಸ್ಲೈಡು ಮತ್ತು ಮೇಣದ ತುಂಡನ್ನೂ ಕೇಳಿ ಪಡೆಯಬಹುದು. ಗಡ್ಡೆಯ ಜೀನ್ ಪರೀಕ್ಷೆಗೆ, ಯಾವ ಮದ್ದು ಹಿಡಿಯುತ್ತದೆಂದು ನೋಡಲಿಕ್ಕೆ, ಅದು ಬೇಕಾಗುತ್ತದೆ. ಸ್ಕ್ಯಾನಿನ ಸಿಡಿಯನ್ನು ಕಳೆಯಬೇಡಿ. ಯಕೃತ್ತನ್ನು ಪದೇ ಪದೇ ಕೊಯ್ದು ಅಭ್ಯಾಸವಿರುವ ಒಬ್ಬ ಸರ್ಜನ್ ಆ ಸಿಡಿಯನ್ನು ನೋಡುವ ತನಕ "ಆಗುವುದಿಲ್ಲ" ಎಂಬ ಮಾತನ್ನು ಪೂರ್ತಿ ಒಪ್ಪಿಕೊಳ್ಳಬೇಡಿ. ಖರ್ಚಿನ ಮಟ್ಟಿಗೆ, ಕೇರಳದಲ್ಲಿ 2019ರಿಂದ ನಡೆಯುತ್ತಿರುವ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಗೆ ಸೇರುವ ಮೊದಲೇ ಅಲ್ಲಿ ಆ ಕಾರ್ಡು ನಡೆಯುತ್ತದೆಯೇ ಎಂದು ವಿಚಾರಿಸಿ, ಬಿಲ್ಲು ಆದ ಮೇಲೆ ವಿಚಾರಿಸಿದರೆ ಪ್ರಯೋಜನವಿಲ್ಲ.

ಆಪರೇಷನ್, ಕಿಮೋ ಎಲ್ಲ ಮುಗಿದವರಿಗೆ ಒಂದು ಸಂತೋಷದ ಸುದ್ದಿ. ಮೂರನೆಯ ಹಂತದ ಮತ್ತು ಅಪಾಯ ಹೆಚ್ಚಿರುವ ಎರಡನೆಯ ಹಂತದ 889 ಮಂದಿಯನ್ನು ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ವ್ಯಾಯಾಮದ ಪುಸ್ತಕ ಮಾತ್ರ. ಇನ್ನೊಂದಕ್ಕೆ ಮೂರು ವರ್ಷ ಜೊತೆಗಿದ್ದು ವ್ಯಾಯಾಮ ಮಾಡಿಸಿದರು. ವಾರದಲ್ಲಿ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾಗಿ ನಡೆದರೆ ಆಗುವಷ್ಟು. 2025ರಲ್ಲಿ ಫಲ ಬಂತು. ಎಂಟು ವರ್ಷದ ಕೊನೆಗೆ ಪುಸ್ತಕದ ಪಂಗಡದಲ್ಲಿ ನೂರಕ್ಕೆ 83.2, ನಡೆದ ಪಂಗಡದಲ್ಲಿ 90.3 ಮಂದಿ ಬದುಕಿದ್ದರು. ಇದು ಮದ್ದಿಗೆ ಬದಲು ಅಲ್ಲ, ಮದ್ದಿನ ಮೇಲೆ. ಕಾರಿನಲ್ಲಿ ದ್ವಾರದ ತನಕ ಬಂದು ಒಂದು ಪ್ರದಕ್ಷಿಣೆಗೆ ಸುಸ್ತಾಗುವ ಅಭ್ಯಾಸ ಬಿಟ್ಟು ಮನೆಯಿಂದಲೇ ನಡೆದು ಬಂದರೆ ದೇವರಿಗೂ ಸಂತೋಷ, ಡಾಕ್ಟರರಿಗೂ ಸಂತೋಷ.

ಕೊನೆಗೆ ಆ ಅಣ್ಣತಮ್ಮಂದಿರ ವಿಷಯ. ಒಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದ ಮನೆಯಲ್ಲಿ ಒಡಹುಟ್ಟಿದವರು ಮತ್ತು ಮಕ್ಕಳು, ತಮಗೆ ಏನೂ ತೊಂದರೆ ಇಲ್ಲದಿದ್ದರೂ, 40ನೆಯ ವಯಸ್ಸಿನಲ್ಲಿ ಅಥವಾ ರೋಗಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗವೋ ಆಗ, ಕೊಳವೆ ಹಾಕಿ ನೋಡುವ ಪರೀಕ್ಷೆ ಮಾಡಿಸಬೇಕು. ಕೊಲೊನೋಸ್ಕೋಪಿ ಎಂದು ಅದರ ಹೆಸರು. ಹಿಂದಿನ ದಿನ ಹೊಟ್ಟೆ ತೊಳೆಯುವ ಮದ್ದು ಕುಡಿಯುವುದೇ ಅದರಲ್ಲಿ ದೊಡ್ಡ ಕಷ್ಟ, ಪರೀಕ್ಷೆಗೆ ಅರ್ಧ ಗಂಟೆ. ಪಾಲಿಪ್ ಸಿಕ್ಕಿದರೆ ಸಾಮಾನ್ಯವಾಗಿ ಅಲ್ಲೇ, ಹೊಟ್ಟೆ ಕೊಯ್ಯದೆ, ತೆಗೆದು ಬಿಡುತ್ತಾರೆ. ಇಂಥ ಮನೆಯವರು ಈ ಸಭೆಯಲ್ಲಿ ಇದ್ದರೆ, ದುಬೈಯಲ್ಲಿ, ಬೆಂಗಳೂರಿನಲ್ಲಿ ಇರುವ ತಮ್ಮಂದಿರಿಗೆ ತಂಗಿಯರಿಗೆ ಇವತ್ತು ರಾತ್ರಿಯೇ ಫೋನ್ ಮಾಡಿ ಹೇಳಿ.

ಮಹಾಪೂಜೆಗೆ ಗಂಟೆಯಾಗುತ್ತಾ ಬಂತು.